ಮೊದಲ ವಾಲ್ವ್

ಕೃಷ್ಣೆಯ ದಂಡೆಯ ಮಠದಲ್ಲಿ ಮರಿಕಲ್ಲಜ್ಜ ಎಂಬ ಗುರುವಿದ್ದ. ಧ್ಯಾನವನ್ನೂ ಕಲಿಸುತ್ತಿದ್ದ, ರೇಡಿಯೋ ರಿಪೇರಿಯನ್ನೂ ಕಲಿಸುತ್ತಿದ್ದ. ಅವನು ಮುಟ್ಟಿದ ರೇಡಿಯೋದಲ್ಲಿ ಲಂಕೆಯ ಸೊಳ್ಳೆ ಸೀನಿದರೂ ಕೇಳುತ್ತಿತ್ತು. ಸುಳ್ಳೆನ್ನುವವರು ಹೋಗಿ ಆ ಸೊಳ್ಳೆಯನ್ನೇ ವಿಚಾರಿಸಲಿ.

ಶಿಷ್ಯ ದುಂಡಪ್ಪ ಕೂಗಿದರೆ ಆಚೆ ದಡದ ಎಮ್ಮೆಗಳು ಹಗ್ಗ ಹರಿಯುತ್ತಿದ್ದವು.

ಆ ದಿನ ಮಾತ್ರ ಅವನು ಕೂಗು ಮರೆತು ಮಠದ ರೇಡಿಯೋ ಬಿಚ್ಚಿಕೊಂಡು ಕೂತಿದ್ದ. ತಂಗಿ ಶಾವಂತ್ರಿ ಮಧ್ಯಾಹ್ನ ಹನ್ನೆರಡಕ್ಕೆ ಮೊದಲ ಸಲ ರೇಡಿಯೋದಲ್ಲಿ ಹಾಡುವವಳಿದ್ದಳು. ಹಾಡು ಕಲಿಯಲು ಮನೆ ಬಿಟ್ಟ ಮಗಳೊಡನೆ ಅವ್ವ ಮೂರು ವರ್ಷದಿಂದ ಮಾತು ಬಿಟ್ಟಿದ್ದಳು. ದುಂಡಪ್ಪ ಕಾಡಿ ಬೇಡಿ ಅವ್ವನನ್ನು ಮಠಕ್ಕೆ ಕರೆತಂದಿದ್ದ. ಅವಳೋ, ಕಂಬಕ್ಕೊರಗಿ ಮುಖ ತಿರುಗಿಸಿ ಕೂತಿದ್ದಳು.

ರೇಡಿಯೋ ಹಾಕಿದರೆ ಬರೀ ಜೊರ್ರ್ ಸದ್ದು. ಮಠದ ಪಾರಿವಾಳಗಳೆಲ್ಲ ಎದ್ದು ಮುಂದಿನ ಊರಿಗೇ ಹೋದವು.

"ಮುಗೀತಲ್ಲ? ಏಳ್ತೀನಿ," ಎಂದಳು ಅವ್ವ.

"ತಡೀಬೇ ಅವ್ವಾ!" ಎಂದ ದುಂಡಪ್ಪ.

"ಏನ್ ಮಾಡೀಪಾ ಇದಕ್ಕ?" ಗುರು ಕೇಳಿದ.

"ದನಿ ಭಾಳ ಸಣ್ಣದಿತ್ರೀ ಅಜ್ಜಾರ. ಕಡೀ ಹಂತಕ್ಕ ದನಿ ಎತ್ತೋ ದೊಡ್ಡ ಗಾಜಿನ ವಾಲ್ವ್ ಹಾಕೀನಿ."

"ಮೊದಲನೇ ಹಂತಕ್ಕ?"

"ಅದು ಹಳೇದ ಐತ್ರಿ. ಅದರ ಕೆಲಸರೆ ಏನ್ ಮಹಾ? ಏರಿಯಲ್ ತಂತಿಗೆ ಸಿಕ್ಕಿದ್ದನ್ನ ಚೂರು ಎತ್ತಿ ಮುಂದಿನವಂಗ ಕೊಡ್ತದ. ಅವ ಇನ್ನಷ್ಟು ಎತ್ತತಾನ. ಊರಿಗೆ ಕೇಳಸಾಂವ ಕಡೀಯವ ಅಲ್ರೀ?"

ಗುರು ಒಳಗೆ ಹೋದ. ಒಂದು ಹಿಡಿ ಪುಟಾಣಿ ತಂದು ಶಿಷ್ಯನ ಬಾಯಿಗೆ ತುಂಬಿದ.

"ಅಗಿ."

ದುಂಡಪ್ಪ ಅಗಿಯುತ್ತಿದ್ದಾಗ ಗುರು ಏನೋ ಪಿಸುಗುಟ್ಟಿದ.

"ನಾ ಏನಂದೆ?"

"ನನ್ನ ಹಲ್ಲಿನ ಕಟಕಟನ ಕೇಳಸ್ತದ್ರಿ."

"ಹಂಗಾರ ಕೇಳಿದ್ದನ್ನ ಆಚೆ ದಡಕ್ಕ ಕೂಗಿ ಹೇಳು. ಗಂಟಲ ದೊಡ್ಡದೈತಲ್ಲ ನಿಂದು!"

ಕೂಗಲು ಬಾಯಿ ತೆರೆದ ದುಂಡಪ್ಪ ಹಾಗೇ ನಿಂತುಬಿಟ್ಟ. ಪುಟಾಣಿ ಉಗುಳಿ ರೇಡಿಯೋದತ್ತ ಓಡಿದ. ಮೊದಲ ವಾಲ್ವನ್ನು ಬೆರಳಿನಿಂದ ತಟ್ಟಿದ. ಜೊರ್ರ್ ಸದ್ದು ಇಮ್ಮಡಿಯಾಯಿತು.

"ಗದ್ದಲ ಇಲ್ಲೇ ಹುಟ್ಟಾಕತ್ತೈತ್ರೀ! ಉಳಿದವ್ರೆಲ್ಲ ಅದನ್ನೂ ಎತ್ತಾಕತ್ತಾರ!"

ಗುರು ತನ್ನ ಪೆಟ್ಟಿಗೆಯಿಂದ ಬೇರೊಂದು ವಾಲ್ವ್ ತೆಗೆದುಕೊಟ್ಟ. ದುಂಡಪ್ಪ ಹಳೆಯದನ್ನು ಕಿತ್ತು ಅದನ್ನು ಕೂರಿಸಿದ. ಜೊರ್ರ್ ಅಡಗಿತು. ಆಗಲೇ ಹನ್ನೆರಡು ದಾಟಿತ್ತು. ತಂಬೂರಿಯ ಹಿಂದಿನಿಂದ ಶಾವಂತ್ರಿಯ ದನಿ, ಎಳೆ ನೂಲಿನಷ್ಟು, ಆದರೆ ತಿಳಿಯಾಗಿ ಬಂತು.

ಅವ್ವ ಕಂಬ ಬಿಟ್ಟಳು. ಒಂದು ಮೊಳ ಮುಂದೆ ಸರಿದಳು. ಸೆರಗಿನಿಂದ ಮೂಗು ಒರೆಸಿಕೊಂಡು ಇನ್ನೊಂದು ಮೊಳ ಸರಿದಳು.

ದುಂಡಪ್ಪ ಹಿಗ್ಗಿ ದನಿ ಏರಿಸುವ ಗುಂಡಿಗೆ ಕೈ ಹಾಕಿದ. "ಜೋರ್ ಮಾಡ್ತೀನ್ರೀ ಅಜ್ಜಾರ!"

ಗುರು ಅವನ ಮುಂಗೈ ಹಿಡಿದ.

"ಬ್ಯಾಡ. ನಿಮ್ಮವ್ವ ಸರದು ಬರಲಿ."