ಹ್ಯಾಂಡಲ್ ಬಿಟ್ಟ ನಡಿಗೆ

ಹಿಮದ ಬೆಟ್ಟಗಳ ನಡುವೆ, ಹೊಳೆಯ ದಂಡೆಯಲ್ಲಿ, ಡಾಕ್ಟರ್ ಅಂಬಕ್ಕನವರ ಪಾಠಶಾಲೆ ಇತ್ತು. ಎತ್ತರದ ದಾರಿಗಳಲ್ಲಿ ಸೈಕಲ್ ತುಳಿಯುವವರು ಅಲ್ಲಿಗೆ ಬಂದು, ಆಸ್ಪತ್ರೆ ಇಲ್ಲದ ಕಡೆ ಜೀವ ಉಳಿಸುವುದನ್ನು ಕಲಿಯುತ್ತಿದ್ದರು.

ಅಂಬಕ್ಕ ವಿಜಯಪುರದವರು. ಶಿಷ್ಯರು ಅವರನ್ನು ಅಕ್ಕಾರು ಎನ್ನುತ್ತಿದ್ದರು.

ಆ ವರ್ಷದ ಶಿಷ್ಯರಲ್ಲಿ ಪರಮಾನಂದ ಎಲ್ಲರಿಗಿಂತ ಚುರುಕು. ಅವನೂ ಅದೇ ಸೀಮೆಯವನು. ಔಷಧಗಳ ಹೆಸರು, ಅಳತೆ ಎಲ್ಲ ಬಾಯಿಪಾಠವಾಗಿತ್ತು. ಕಲಿಕೆ ಮುಗಿದ ಮೇಲೆ ಊರಿನ ಗೆಳೆಯ ಗೊಲ್ಲಾಳನನ್ನು ಕರೆಸಿಕೊಂಡು ಸೈಕಲ್ ಮೇಲೆ ಮೇಲಿನ ಘಟ್ಟ ದಾಟಲು ಹೊರಟ.

ಹದಿನಾಲ್ಕನೆಯ ದಿನ ಒಬ್ಬನೇ ಮರಳಿ ಬಂದ.

ಅಕ್ಕಾರು ಚಹಾ ಕೊಟ್ಟರು. ಅವನು ಕುಡಿಯಲಿಲ್ಲ.

ಗೊಲ್ಲಾಳನ ದೇಹ ಊರು ಸೇರಿದೆ ಎಂದ. ನಾಳೆ ತಾನೂ ಊರಿಗೆ ಹೊರಟು, ಅವನ ತಾಯಿಯ ಎದುರು ನಿಲ್ಲಬೇಕು. ಎಲ್ಲಿ ತಪ್ಪಿದೆನೆಂದು ತಿಳಿಯದೆ ಆ ಮನೆಯ ಹೊಸ್ತಿಲು ದಾಟಲಾರೆ ಎಂದ.

"ಯಾವ ಔಷಧ ತಪ್ಪಿತ್ರಿ, ಅಕ್ಕಾರ?"

"ಬರಕೊಂಡೀ ಏನು?"

ಅವನು ಚೀಲದಿಂದ ವಹಿ ತೆಗೆದುಕೊಟ್ಟ. ಎರಡೆರಡು ತಾಸಿಗೊಮ್ಮೆ ದುಂಡಗೆ ಬರೆದಿದ್ದ.

ಬೆಳಿಗ್ಗೆ ಎಂಟು ಗಂಟೆ. ತಲೆನೋವು, ಸ್ವಲ್ಪ. ಗುಳಿಗೆ ಕೊಟ್ಟೆ. ಆರಾಮ.

ಹತ್ತು. ರೊಟ್ಟಿ ಬೇಡವೆಂದ. ಆರಾಮ.

ಹನ್ನೆರಡು. ಆರಾಮ.

ಎರಡು. ಆರಾಮ.

ಮುಂದಿನ ಪುಟ ಖಾಲಿ.

"ಆರಾಮ ಅದಾನಂತ ಹೆಂಗ ಗೊತ್ತಾತು?"

ಕೇಳಿದ್ದೆ ಎಂದ ಪರಮಾನಂದ. ಪ್ರತಿಸಲ ವಹಿ ತೆಗೆದಾಗಲೂ ಗೊಲ್ಲಾಳ ನಗುತ್ತಿದ್ದನಂತೆ. "'ಕಂಪೌಂಡರ್ ಸಾಹೇಬ್ರ, ಆರಾಮ ಅದೀನಿ, ಬರಕೋರಿ' ಅಂತಿದ್ದ."

"ನಮ್ಮ ಕಡಿ ಜೀವಾ ಹೋಗೂ ಮುದುಕಿನೂ ಆರಾಮ ಅಂತಾಳ," ಎಂದರು ಅಕ್ಕಾರು. "ಕೇಳಿದವರಿಗೆ ಬ್ಯಾರೆ ಏನರ ಹೇಳಬಹುದು ಅಂತ ನಮಗ ಯಾರೂ ಕಲಿಸಿಲ್ಲ. ಎತ್ತರದಾಗ ಮಿದುಳಿಗೆ ಬಾವು ಬಂದ್ರ ಮೊದಲ ಕಾಲು ಹೇಳತಾವ. ಗೊಲ್ಲಾಳನ್ನ ನಡಿಸಿ ನೋಡಿದೇನು?"

"ನಡದಾನ್ರಿ. ಇಡೀ ಏರು ಸೈಕಲ್ ನೂಕ್ಕೋತ ನಡದಾನ. ಒಂದ ಸಲಾನೂ ಬೀಳಲಿಲ್ಲ."

ಅಕ್ಕಾರು ಕೋಲೂರಿ ಎದ್ದರು. ಅವರ ಎಡ ಮೊಣಕಾಲು ಕೆಟ್ಟು ವರ್ಷಗಳಾಗಿದ್ದವು. ಕೋಲಿನ ತುದಿಯಿಂದ ಮರಳಿನ ಮೇಲೆ ಇಪ್ಪತ್ತು ಹೆಜ್ಜೆಯ ಗೆರೆ ಎಳೆದು, ಕೋಲನ್ನು ಅವನ ಕೈಗಿತ್ತರು. ಗೋಡೆಗೆ ಒರಗಿದ್ದ ಅವನ ಸೈಕಲ್ಲಿನ ಹ್ಯಾಂಡಲ್ ಹಿಡಿದು, ಅದನ್ನು ನೂಕುತ್ತ ಗೆರೆಯುದ್ದಕ್ಕೂ ನೆಟ್ಟಗೆ ನಡೆದರು.

ಅಲ್ಲಿ ಸೈಕಲ್ಲನ್ನು ಮಲಗಿಸಿ, ಬರಿಗೈಯಲ್ಲಿ ತಿರುಗಿ ಬರಲು ಹೊರಟರು.

ಮೂರನೆಯ ಹೆಜ್ಜೆಗೆ ಬಿದ್ದರು.

ಪರಮಾನಂದ ಓಡಿಹೋಗಿ ಹಿಡಿದೆತ್ತಿದ. ಅಕ್ಕಾರ ಸೀರೆಗೆ ಅಂಟಿದ ಮರಳನ್ನು ಕೊಡವುತ್ತಿದ್ದ ಅವನ ಕೈ ನಡುವೆಯೇ ನಿಂತಿತು.

"ಹ್ಯಾಂಡಲ್ ಬಿಡಿಸಬೇಕಿತ್ತು," ಎಂದ.

ಅಕ್ಕಾರು ತಮ್ಮ ಕೋಲಿಗೆ ಕೈ ಚಾಚಿದರು. ಅವನು ಮತ್ತೆ ಕೇಳಿದ.

"ಹನ್ನೆರಡಕ್ಕ ಬಿಡಿಸಿ ನೋಡಿ, ಆಗಿಂದಾಗ ಕೆಳಗ ಇಳಿಸಿದ್ರ?"

"ಬದುಕತಿದ್ದ ಅನಸ್ತದ."

ಆಮೇಲೆ ಅವನು, ತಾನು ಕಲಿತವನೆಂದು ಹೇಳಿಕೊಳ್ಳಲು ಯೋಗ್ಯನಲ್ಲ, ಶಾಲೆಯ ದಫ್ತರದಿಂದ ತನ್ನ ಹೆಸರು ಹೊಡೆದುಹಾಕಿ ಎಂದು ಕೇಳಿಕೊಂಡ.

ಅಕ್ಕಾರು ಒಳಗೆ ಹೋಗಿ ದಫ್ತರ ತಂದರು. ಅವನ ಹೆಸರಿನ ಪುಟ ತೆರೆದರು. ಪೆನ್ನು ತೆಗೆಯಲಿಲ್ಲ. ಪುಟವನ್ನು ಅವನ ಕಡೆಗೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು.

ಅವರದೇ ಅಕ್ಷರ. 'ಗೆರೆಯ ಮೇಲೆ ನಡೆಸಿ ನೋಡುವ ಪರೀಕ್ಷೆ: ಬರುತ್ತದೆ.' ಕೆಳಗೆ ಅವರ ಸಹಿ.

"ಆ ತಾಯಿ ಮುಂದ ನಾನೂ ನಿಲ್ಲಬೇಕು," ಎಂದರು.

"ನೀವ್ಯಾಕ್ರಿ, ಅಕ್ಕಾರ? ನೀವು ಕಲಿಸಿದ್ರಿ."

"ಅವತ್ತ ಹೊರಗ ಹಿಮ ಬೀಳತಿತ್ತು. ಒಳಗ ಕುಂತ ಬಾಯಿಲೆ ಹೇಳಿದೆ. ತಿಳೀತೇನಪಾ ಅಂತ ಕೇಳಿದೆ. ನೀ ತಿಳೀತ್ರಿ ಅಂದಿ. ನಾ ಬರಕೊಂಡೆ."