ಕಿವಿಗೆ ಅಂಟದ ಕಬ್ಬಿಣದ ದಿಂಬು

ಒಂದಾನೊಂದು ಕಾಲದಲ್ಲಿ, ಬೆಟ್ಟಗಳೂ ಮಗ್ಗುಲು ಬದಲಿಸಿ ಮಲಗ್ತಿದ್ದ ಕಾಲದಲ್ಲಿ, ಸೂಜಿಗಲ್ಲಿನ ಗುಡ್ಡದ ಮೇಲೆ ಒಬ್ಬ ರಕ್ಕಸ ಇದ್ದನಂತೆ. ಇದ್ದನಂತೆ ಏನು ಕೂಸೇ, ಇದ್ದ! ಅವನ ಮೂಗಿನ ಹೊಳ್ಳೆಯಲ್ಲಿ ನಾನು ಏಳು ಆಡು ಕಟ್ಟಿದ್ದೆ, ಬೇಕಾದ್ರೆ ನಿಮ್ಮಜ್ಜಿಯನ್ನ ಕೇಳು. ಅವನ ಮೈಯೆಲ್ಲ ಸೂಜಿಗಲ್ಲು. ಕುಡುಗೋಲು, ಸೌಟು, ಎತ್ತಿನ ಲಾಳ, ಕಬ್ಬಿಣ ಅಂದದ್ದೆಲ್ಲ ಹಾರಿ ಹೋಗಿ ಅವನಿಗೆ ಅಂಟ್ಕೊಳ್ತಿತ್ತಂತೆ. ಪಾಪ, ಹನ್ನೆರಡು ವರ್ಷದಿಂದ ಅವನಿಗೆ ನಿದ್ದೆಯೇ ಇಲ್ಲ. ಮರದ ದಿಂಬು ಇಟ್ರೆ ತಲೆ ಭಾರಕ್ಕೆ ಪುಡಿ, ಕಬ್ಬಿಣದ ದಿಂಬು ಇಟ್ರೆ ಕಿವಿಗೆ ಅಂಟ್ಕೊಂಡು ಬಿಡೋದೇ ಇಲ್ಲ.

ಆಮೇಲೆ ಅವನು ಕಮ್ಮಾರ ಮಾನಪ್ಪನನ್ನ ಎತ್ಕೊಂಡು ಹೋಗಿ ಗುಹೆಯಲ್ಲಿ ಕೂರಿಸ್ಕೊಂಡು, ನಿನ್ನ ಮೂವರು ಹೆಣ್ಮಕ್ಕಳು ಕಿವಿಗೆ ಅಂಟದ ಕಬ್ಬಿಣದ ದಿಂಬು ಮಾಡಿ ತರಲಿ, ಮೂರು ಸಲ ನೋಡ್ತೀನಿ, ಆಗದಿದ್ರೆ ನೀನು ಸಾಯೋವರೆಗೂ ಇಲ್ಲೇ ನನ್ನ ಕಿವಿಯಿಂದ ಮೊಳೆ ಕೀಳ್ತಾ ಇರು, ಅಂದನಂತೆ.

ಕಬ್ಬಿಣದ ಪುಡಿಗೆ ಗಂಧಕ ಬೆರೆಸಿ ಕಾಯಿಸಿದ್ರೆ ಕಬ್ಬಿಣದ ಒಂದೊಂದು ಕಣ ಗಂಧಕದ ಒಂದೊಂದು ಕಣದ ಕೈ ಹಿಡಿಯುತ್ತೆ, ಕೈ ಹಿಡಿದ ಕಬ್ಬಿಣ ಸೂಜಿಗಲ್ಲಿನ ಮಾತು ಕೇಳಲ್ಲ. ಇಷ್ಟು ಮಾನಪ್ಪನಿಗೆ ಗೊತ್ತಿತ್ತು, ಮಕ್ಕಳಿಗೂ ಹೇಳಿದ್ದ. ಎಷ್ಟಕ್ಕೆ ಎಷ್ಟು ಅನ್ನೋದು ಮಾತ್ರ ಅವನಿಗೂ ಗೊತ್ತಿರಲಿಲ್ಲ. ಎಣಿಸೋಣ ಅಂದ್ರೆ ಇರುವೆಯ ಒಂದು ಕಣ್ಣಲ್ಲಿ ಅಂಥ ಕಣ ಕೋಟಿ ಕೋಟಿ ಕೂರ್ತಾವೆ.

ಆಮೇಲೆ ದೊಡ್ಡವಳು ಕಾಳವ್ವ ಏಳು ಮಣ ಕಬ್ಬಿಣ, ಏಳು ಮಣ ಗಂಧಕ ತೂಗಿ, ತೂಕ ಸಮ ಇದ್ರೆ ಜೋಡಿಯೂ ಸಮ ಅಂತ ಬಾಯಿ ಮುಚ್ಚಿದ ಗಡಿಗೆಯಲ್ಲಿ ಕಾಯಿಸಿ, ಹೊತ್ಕೊಂಡು ಹೋದಳಂತೆ. ರಕ್ಕಸ ತಲೆ ಇಟ್ಟ, ಅಂಟಲಿಲ್ಲ. ಆದ್ರೆ ಜೋಡಿ ಸಿಗದೆ ಉಳಿದ ಗಂಧಕ ಮೂಗಿಗೆ ಹೋಗಿ ಅವನು ಸೀನಿದ ನೋಡು, ಕಾಳವ್ವ ದಿಂಬಿನ ಸಮೇತ ಹಾರಿ ಬಂದು ಮನೆ ಅಂಗಳಕ್ಕೇ ಬಿದ್ದಳಂತೆ.

ಆಮೇಲೆ ನಡುವಿನವಳು ಗೌರವ್ವ, ತೂಕ ಬೇಡ ಕಣೇ, ಅಳತೆ ಸಮ ಇರಲಿ ಅಂತ ಒಂದು ಬುಟ್ಟಿ ಕಬ್ಬಿಣದ ಪುಡಿಗೆ ಒಂದು ಬುಟ್ಟಿ ಗಂಧಕ ಹಾಕಿ ಮಾಡಿದಳಂತೆ. ಈ ಸಲ ಕಬ್ಬಿಣವೇ ಉಳೀತು, ದಿಂಬು ಕಿವಿಗೆ ಟಪ್ ಅಂತ ಅಂಟ್ಕೊಳ್ತು. ರಕ್ಕಸ ಗೋಳೋ ಅಂತ ಅತ್ತ. ಅದನ್ನ ಕಿತ್ತು ಕಿತ್ತು ಮಾನಪ್ಪನ ಅಂಗೈಗೆ ಬೊಬ್ಬೆ ಬಂತಂತೆ.

ಉಳಿದದ್ದು ಒಂದೇ ಸಲ. ಕಾಳವ್ವ ಮೂಲೆ ಹಿಡಿದು, ನನ್ನಿಂದ್ಲೇ ಅಪ್ಪಯ್ಯ ಹೋದ ಅಂತ ಅಳ್ತಿದ್ರೆ, ಚಿಕ್ಕವಳು ತುಂಗವ್ವ ಹೋಗಿ ಪಕ್ಕ ಕೂತು, ಅಕ್ಕಾ, ಎದ್ದೇಳೆ, ನಿನ್ನ ದಿಂಬಲ್ಲಿ ಎಷ್ಟು ಗಂಧಕ ಉಳಿದಿದೆ ಕೆರೆದು ನೋಡೋಣ ಅಂದಳಂತೆ. ಇಬ್ಬರೂ ಕೆರೆದ್ರು, ತೂಗಿದ್ರು. ಮೂರು ಮಣ! ಅಂದ್ರೆ ಏಳು ಮಣ ಕಬ್ಬಿಣ ಕೈ ಹಿಡಿದದ್ದು ನಾಲ್ಕೇ ಮಣ ಗಂಧಕವನ್ನ.

ಅದೆಂಗೇ, ಏಳಕ್ಕೆ ನಾಲ್ಕು ಸಮ ಆಗುತ್ತೆ? ಅಂತ ಗೌರವ್ವ ಮೂಗು ಮುರಿದ್ಲು.

ಹನ್ನೆರಡು ಕುಂಬಳಕಾಯಿ, ಹನ್ನೆರಡು ನಿಂಬೆಹಣ್ಣು ತೂಗಿದ್ರೆ ಒಂದೇ ತೂಕ ಬರುತ್ತೇನೇ? ಲೆಕ್ಕ ಒಂದೇ, ಕಾಯಿ ಭಾರ ಬೇರೆ. ಕಬ್ಬಿಣದ ಒಂದು ಕಣ ಏಳು ತೂಗಿದ್ರೆ ಗಂಧಕದ ಒಂದು ಕಣ ನಾಲ್ಕು ತೂಗುತ್ತೆ, ಅಷ್ಟೇ ಅಂದಳಂತೆ ತುಂಗವ್ವ.

ನಿಮ್ಮಕ್ಕನ ಪುಸ್ತಕದಲ್ಲಿ ಇಂಥ ಕಣದ ಲೆಕ್ಕಕ್ಕೇ ಮೋಲು ಅಂತಾರಂತೆ. ಹನ್ನೆರಡಕ್ಕೆ ಡಜನ್ ಅಂದ ಹಾಗೆ, ಆರರ ಮುಂದೆ ಇಪ್ಪತ್ಮೂರು ಸೊನ್ನೆ ಇಟ್ರೆ ಹೆಚ್ಚುಕಮ್ಮಿ ಒಂದು ಮೋಲು. ಐವತ್ತಾರು ಗ್ರಾಂ ಕಬ್ಬಿಣದಲ್ಲೂ ಅಷ್ಟೇ ಕಣ, ಮೂವತ್ತೆರಡು ಗ್ರಾಂ ಗಂಧಕದಲ್ಲೂ ಅಷ್ಟೇ, ಹನ್ನೆರಡೇ ಗ್ರಾಂ ಇದ್ದಿಲಲ್ಲೂ ಅಷ್ಟೇ. ನಾನೇ ಒಂದು ಮಧ್ಯಾಹ್ನ ಕೂತು ಎಣಿಸಿದ್ದೀನಿ. ಒಂದು ಕಮ್ಮಿ ಬಂತು, ಕೆಮ್ಮಿದಾಗ ಹಾರಿಹೋಗಿತ್ತು.

ಆಮೇಲೆ ಏಳು ಮಣಕ್ಕೆ ನಾಲ್ಕು ಮಣ ಹಾಕಿ, ಮೂವರೂ ಸೇರಿ ತಿದಿ ಒತ್ತಿ, ಕರೀ ದಿಂಬು ಹೊತ್ಕೊಂಡು ಗುಡ್ಡ ಹತ್ತಿದ್ರಂತೆ. ತಲೆ ಇಡು ರಕ್ಕಸಮಾವ, ಅಂದಳು ತುಂಗವ್ವ. ಅವನು ಹೆದರಿ ಹೆದರಿ ಇಟ್ಟ. ಅಂಟಲಿಲ್ಲ. ಮೂಗು ಅರಳಿಸಿದ. ಸೀನೂ ಬರಲಿಲ್ಲ. ಹೋಗು ಮಾನಪ್ಪ, ಮಕ್ಕಳ ಜೊತೆ ಹೋಗು, ಅನ್ನುವಷ್ಟರಲ್ಲಿ ಹಾಡುಹಗಲೇ ಗೊರಕೆ!

ಮಾನಪ್ಪ ನಾಲ್ಕು ಹೆಜ್ಜೆ ಬಂದವನು ವಾಪಸ್ ಹೋದನಂತೆ. ಯಾಕಪ್ಪಯ್ಯ? ಅಂದ್ರೆ, ಶ್... ಅಂತ ಬಾಯ ಮೇಲೆ ಬೆರಳಿಟ್ಟು, ಹೆಗಲ ಕಂಬಳಿ ತೆಗೆದು ಅವನಿಗೆ ಹೊದಿಸಿದ. ಕಂಬಳಿ ಒಂದು ಹೆಬ್ಬೆರಳಿಗೆ ಮಾತ್ರ ಸಾಕಾಯ್ತಂತೆ. ಆಮೇಲೆ ಮಕ್ಕಳ ಕೈ ಹಿಡ್ಕೊಂಡು ಮನೆಗೆ ಬಂದು ಬಿಸಿ ಮುದ್ದೆ ಉಂಡ. ಅವರ ಕತೆ ಮುಗೀತು ಕೂಸೇ, ಕಾಲು ಕಂಬಳಿ ಒಳಗಿಟ್ಕೋ.