ನಾಲ್ಕನೆಯ ಕಲ್ಲು

ಹೊಳೆದಂಡೆಯ ಆಶ್ರಮದಲ್ಲಿ ಆರು ಜನ ಶಿಷ್ಯರಿದ್ದರು. ಆಚೆ ದಡದ ಕಾನೂನು ಶಾಲೆಯ ಪ್ರವೇಶ ಪರೀಕ್ಷೆಗೆ ಗುರುಗಳು ವರ್ಷಕ್ಕೆ ಒಬ್ಬನನ್ನೇ ಕಳಿಸುತ್ತಿದ್ದರು.

"ಕೊನೆಯ ಒಗಟನ್ನು ಸರಿಯಾಗಿ, ಎಲ್ಲರಿಗಿಂತ ಬೇಗ ಬಿಡಿಸಿದವನು ಹೋಗುತ್ತಾನೆ. ನನ್ನ ನಿಯಮ ಇಷ್ಟೇ" ಎನ್ನುತ್ತಿದ್ದರು.

ಈ ವರ್ಷ ಅಲ್ಲಿಯವರೆಗಿನ ಎಲ್ಲ ಒಗಟಿನಲ್ಲೂ ಪರಶಿವನೇ ಮೊದಲು. ಈ ಸಲದ ಜಾಗ ತನ್ನದೇ ಎಂದು ಅವನು ಬಟ್ಟೆಯನ್ನೂ ಗಂಟು ಕಟ್ಟಿಟ್ಟಿದ್ದ.

ಕೊನೆಯ ಒಗಟು ದೋಣಿಯದು. ಐದು ಮಂದಿ ಸಾಲಾಗಿ ಕೂರಬೇಕು. ಕುಂಬಾರ ಅಂಬಿಗನ ಪಕ್ಕ ಕೂರುವುದಿಲ್ಲ. ಮಲ್ಲವ್ವ ತುದಿಯಲ್ಲಿ ಕೂರುವುದಿಲ್ಲ. ಹೀಗೆ ಇನ್ನೂ ನಾಲ್ಕು ನಿಯಮ. ಶಿಷ್ಯರು ಮರಳಿನ ಮೇಲೆ ಕಲ್ಲು ಜೋಡಿಸಿ ಬಿಡಿಸಿದರು.

ಬೋರೇಶ ಮೊದಲು ಕೈ ಎತ್ತಿದ. ಎಲ್ಲ ಸರಿಯಿತ್ತು.

ಪರಶಿವನ ಸಾಲು ತಪ್ಪಿತ್ತು.

"ಕುಂಬಾರನನ್ನೂ ಮಲ್ಲವ್ವನನ್ನೂ ಒತ್ತಟ್ಟಿಗೆ ಯಾಕೆ ಕೂರಿಸಿದೆ?" ಎಂದರು ಗುರುಗಳು.

"ಗಂಡ ಹೆಂಡತಿ ಅಲ್ಲವೇ, ಬುದ್ಧಿ?"

"ಆ ಮದುವೆ ನಾನು ಮಾಡಿಸಿಲ್ಲವಲ್ಲ."

ಎಲ್ಲರೂ ನಕ್ಕರು. ಬೋರೇಶ ತುಸು ಹೆಚ್ಚೇ ನಕ್ಕ ಎಂದು ಪರಶಿವನಿಗೆ ಅನ್ನಿಸಿತು.

ಹೋದ ತಿಂಗಳು ಇದೇ ಬೋರೇಶ ಪರಶಿವನ ಎರಡರಷ್ಟು ಹೊತ್ತು ತೆಗೆದುಕೊಂಡಿದ್ದ. ಇದ್ದಕ್ಕಿದ್ದಂತೆ ಹೇಗೆ?

ಊಟದ ಪಂಕ್ತಿಯಲ್ಲಿ ಬೋರೇಶ ಕಣ್ಣು ತಪ್ಪಿಸಿದ. ಕಳ್ಳ, ಎಂದುಕೊಂಡ ಪರಶಿವ. ಆಮೇಲೆ ಬೋರೇಶ ನೇರವಾಗಿ ನೋಡಿದ. ಪಳಗಿದ ಕಳ್ಳ, ಎಂದುಕೊಂಡ.

ಕೈ ತೊಳೆಯುವಲ್ಲಿ ಅವನನ್ನು ಹಿಡಿದು ನಿಲ್ಲಿಸಿದ.

"ಗುರುಗಳ ಪೆಟ್ಟಿಗೆಯಲ್ಲಿನ ಉತ್ತರದ ಹಾಳೆ ನೋಡಿದ್ದೆ ತಾನೇ?"

"ನೋಡಿದ್ದರೆ ಅಷ್ಟು ಹೊತ್ತು ಯಾಕಪ್ಪ ಕಲ್ಲು ಉರುಳಿಸುತ್ತಿದ್ದೆ?" ಎಂದು ಬೋರೇಶ ಪಂಚೆಗೆ ಕೈ ಒರೆಸಿಕೊಂಡು ಹೋದ.

ಅವನ ಬಾಯಲ್ಲಿ ಮಾತು ಸಿದ್ಧವಾಗಿಯೇ ಇತ್ತು. ಅದೂ ಅನುಮಾನಕ್ಕೆ ಸೇರಿತು.

ಸಂಜೆ ಗುರುಗಳು ಹೊಳೆಯ ಬಂಡೆಯ ಮೇಲೆ ಕೂತು ಕಾನೂನು ಶಾಲೆಗೆ ಕಾಗದ ಬರೆಯುತ್ತಿದ್ದರು. ಪರಶಿವ ಹತ್ತಿರ ಹೋಗಿ ನಿಂತ.

"ಬೋರೇಶ ಕದ್ದಿದ್ದಾನೆ, ಬುದ್ಧಿ. ಅವನನ್ನು ಕಳಿಸಬೇಡಿ."

"ಆಧಾರ ಇಡು. ಒಂದೊಂದಕ್ಕೂ ಒಂದು ಕಲ್ಲು."

ಪರಶಿವ ಒಂದು ಕಲ್ಲಿಟ್ಟ. "ಉತ್ತರ ನಿಮ್ಮ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆಗೆ ಬೀಗವಿಲ್ಲ."

ಇನ್ನೊಂದಿಟ್ಟ. "ನಿನ್ನೆ ಮಧ್ಯಾಹ್ನ ನೀವು ಕೋಣೆಯಲ್ಲಿರಲಿಲ್ಲ."

ಮತ್ತೊಂದಿಟ್ಟ. "ಬೋರೇಶ ಆಗ ಆಶ್ರಮದಲ್ಲೇ ಇದ್ದ."

"ಇನ್ಯಾರಿದ್ದರು?"

"ಎಲ್ಲ ಶಿಷ್ಯರೂ ಇದ್ದರು."

"ನೀನು?"

"ಇದ್ದೆ."

"ಈ ಮೂರು ಕಲ್ಲಿಗೆ ಎಷ್ಟು ಜನ ಕಳ್ಳರು ಹೊಂದುತ್ತಾರೆ?"

ಪರಶಿವ ಕಲ್ಲುಗಳನ್ನು ನೋಡಿದ. ಒಗಟಿನ ಮುಂದೆ ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಆರು ಜನ, ಬುದ್ಧಿ."

"ಆರು ಜನ ಒಬ್ಬನಾದದ್ದು ಹೇಗೆ?"



"ನನಗಿಂತ ಬೇಗ ಬಿಡಿಸುವುದು ಅವನ ಕೈಲಾಗುವ ಕೆಲಸವಲ್ಲ" ಎಂದ ಪರಶಿವ.

ಗುರುಗಳು ನೀರಿನಂಚಿನಿಂದ ಇನ್ನೊಂದು ಕಲ್ಲು ಎತ್ತಿ, ಆ ಮೂರರ ಪಕ್ಕ ಇಟ್ಟರು.

"ಈಗ ಹೇಳಿದ ಮಾತು ಈ ನಾಲ್ಕನೆಯದು. ಇದನ್ನು ನಿನಗೆ ಯಾರು ಕೊಟ್ಟರು?"



ಗಾಳಿಗೆ ಕಾಗದ ಹಾರತೊಡಗಿತು. ಗುರುಗಳು ಆ ನಾಲ್ಕನೆಯ ಕಲ್ಲನ್ನೇ ತೆಗೆದು ಕಾಗದದ ಮೇಲೆ ಇಟ್ಟರು. ಎಲ್ಲ ಬರೆದಾಗಿತ್ತು, ಹೆಸರೊಂದು ಬಿಟ್ಟು.

ಲೇಖನಿಯನ್ನು ಶಿಷ್ಯನ ಕೈಗೆ ಕೊಟ್ಟರು.

"ನನ್ನ ನಿಯಮ ನಿನಗೆ ಗೊತ್ತು. ಹೆಸರು ನೀನೇ ಬರಿ."

ಇದೂ ಒಂದು ಪರೀಕ್ಷೆಯೇ ಇರಬೇಕೆಂದು ಪರಶಿವ ಗುರುಗಳ ಮುಖ ನೋಡಿದ. ಅವರು ಆಚೆ ದಡದ ದೋಣಿಯನ್ನು ನೋಡುತ್ತಿದ್ದರು. ಮುಖದಲ್ಲಿ ಏನೂ ಸಿಗಲಿಲ್ಲ.

ಅವನು ಬಗ್ಗಿದ. ಲೇಖನಿಯ ಮೊನೆ ಕಾಗದದ ಮೇಲೆ ತಡವರಿಸಿತು. ಹೆಸರು ಬರೆಯಬೇಕಾದ ಜಾಗದಲ್ಲೇ ಕಲ್ಲು ಕೂತಿತ್ತು.

"ಬರೆಯಲು ಜಾಗವೇ ಇಲ್ಲವಲ್ಲ, ಬುದ್ಧಿ."

ಗುರುಗಳು ದೋಣಿಯಿಂದ ಕಣ್ಣು ಕೀಳಲಿಲ್ಲ.

"ಕಲ್ಲು ನಿನ್ನದು. ನೀನೇ ತೆಗಿ."